ಫೈಬ್ರೋಅಡಿನೋಮಾ ಅಂತ ರಿಪೋರ್ಟ್ ಬಂದಿದೆ, ಗಂಟು ತೆಗೆಸಲೇಬೇಕಾ?

ಪ್ರಶ್ನೆ: ನಮಸ್ತೆ ಮೇಡಂ. ನನಗೆ 24 ವರ್ಷ. ಎಡ ಸ್ತನದಲ್ಲಿ ಗೋಲಿಯಂಥ ಗಂಟು ಇದೆ. ಒತ್ತಿದರೆ ಜಾರುತ್ತದೆ, ನೋವಿಲ್ಲ. ಸ್ಕ್ಯಾನಿಂಗ್‌ನಲ್ಲಿ 21 ಮಿ.ಮೀ., ಬೈರಾಡ್ಸ್ 3 ಅಂತ ಬರೆದಿದ್ದಾರೆ. ಸೂಜಿ ಪರೀಕ್ಷೆಯಲ್ಲಿ (ಎಫ್‌ಎನ್‌ಎಸಿ) ಫೈಬ್ರೋಅಡಿನೋಮಾ ಅಂತ ಬಂತು. ಒಬ್ಬ ಡಾಕ್ಟರ್ ತೆಗೆಸಿಬಿಡಿ ಅಂದರು, ಇನ್ನೊಬ್ಬರು ಆರು ತಿಂಗಳು ಬಿಟ್ಟು ಬನ್ನಿ ಅಂದರು. ಮನೆಯಲ್ಲಿ ಸಂಬಂಧ ನೋಡುತ್ತಿದ್ದಾರೆ, ಅದಕ್ಕೆ ಮುಂಚೆಯೇ ತೆಗೆಸು ಅಂತ ಅಮ್ಮ. ಸೂಜಿ ಚುಚ್ಚಿಸಿದ್ದೇ ತಪ್ಪು, ಇನ್ನು ಅದು ಕ್ಯಾನ್ಸರ್‌ಗೆ ತಿರುಗುತ್ತೆ ಅಂತ ದೊಡ್ಡಮ್ಮ. ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ (ಸ್ತನ ಶಸ್ತ್ರಚಿಕಿತ್ಸಾ ತಜ್ಞೆ): ಮೊದಲು ದೊಡ್ಡಮ್ಮನ ಮಾತಿಗೆ ಬರೋಣ, ನಿದ್ದೆ ಕೆಡಿಸಿರುವುದು ಅದೇ ಅಲ್ವಾ. ಸೂಜಿ ಚುಚ್ಚಿದ್ದರಿಂದ ಸಾಧಾರಣ ಗಂಟು ಕ್ಯಾನ್ಸರ್ ಆಗುವುದಿಲ್ಲ. ಈ ಹೆದರಿಕೆಯಿಂದಲೇ ಎಷ್ಟೋ ಜನ ಪರೀಕ್ಷೆ ಮಾಡಿಸದೆ ತಿಂಗಳುಗಟ್ಟಲೆ ಕಳೆಯುತ್ತಾರೆ. ನೀವು ಮಾಡಿಸಿದ್ದು ಒಳ್ಳೆಯದೇ ಆಯಿತು.

ಗಂಟಿನ ವಿಷಯದಲ್ಲಿ ನಾವು ಮೂರು ನೋಡುತ್ತೇವೆ: ಕೈಗೆ ಹೇಗೆ ಸಿಗುತ್ತದೆ, ಸ್ಕ್ಯಾನಿಂಗ್ ಏನು ಹೇಳುತ್ತದೆ, ಸೂಜಿಯಲ್ಲಿ ಏನು ಬಂತು. ನಿಮ್ಮಲ್ಲಿ ಮೂರೂ ಒಂದೇ ಮಾತು ಹೇಳುತ್ತಿವೆ: ಇದು ಫೈಬ್ರೋಅಡಿನೋಮಾ, ಅಂದರೆ ಕ್ಯಾನ್ಸರ್ ಅಲ್ಲದ ಸಾಧಾರಣ ಗಂಟು. ಬೈರಾಡ್ಸ್ ಅನ್ನುವುದು ಸ್ಕ್ಯಾನಿಂಗ್ ನೋಡಿ ಕ್ಯಾನ್ಸರ್ ಅನುಮಾನ ಎಷ್ಟು ಅಂತ ಕೊಡುವ ದರ್ಜೆ; 3 ಅಂದರೆ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಕಡಿಮೆ. ನಿಮ್ಮ ವಯಸ್ಸಿಗೆ ಇನ್ನೂ ಕಡಿಮೆ. ಹದಿನೈದರಿಂದ ಮೂವತ್ತೈದರೊಳಗಿನ ಹುಡುಗಿಯರಲ್ಲಿ ಅತಿ ಹೆಚ್ಚು ಕಾಣುವ ಗಂಟು ಇದೇ. ಹಾಗಾಗಿ ಆರು ತಿಂಗಳು ಬಿಟ್ಟು ಬನ್ನಿ ಅಂದ ಡಾಕ್ಟರ್ ಹೇಳಿದ್ದೇ ನನಗೂ ಸರಿ ಅನಿಸುತ್ತದೆ.

ಆದರೆ ಬಿಡುವುದು ಅಂದರೆ ಮರೆತುಬಿಡುವುದಲ್ಲ. ಆರು ತಿಂಗಳಿಗೆ ಸ್ಕ್ಯಾನಿಂಗ್, ಆಮೇಲೆ ಒಂದು ವರ್ಷಕ್ಕೆ, ಎರಡು ವರ್ಷಕ್ಕೆ. ಸಾಧ್ಯವಾದರೆ ಒಂದೇ ಕಡೆ ಮಾಡಿಸಿ, ಹಳೆಯ ರಿಪೋರ್ಟ್ ಜೊತೆಗಿರಲಿ. ಹಳೆಯ ಅಳತೆ ಇಲ್ಲದಿದ್ದರೆ ಗಂಟು ಬೆಳೆಯಿತೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ.

ಮೂರು ಸೆಂ.ಮೀ. ದಾಟಿದರೆ, ಬೇಗ ಬೆಳೆದರೆ, ನೋವು ಶುರುವಾದರೆ ತೆಗೆಸುವ ಮಾತು ಬರುತ್ತದೆ. ಬೇಗ ಬೆಳೆಯುವುದನ್ನು ಮಾತ್ರ ಹಗುರವಾಗಿ ತಗೋಬೇಡಿ. ಫಿಲೋಡ್ಸ್ ಅನ್ನುವ ಇನ್ನೊಂದು ಗಂಟು ನೋಡಲು ಇದರಂತೆಯೇ ಇರುತ್ತದೆ, ಎಫ್‌ಎನ್‌ಎಸಿಯಲ್ಲಿ ಎಷ್ಟೋ ಸಲ ಬೇರೆ ಮಾಡಿ ಹೇಳಲು ಆಗುವುದಿಲ್ಲ. ಆಗ ದಪ್ಪ ಸೂಜಿಯಲ್ಲಿ ಚೂರು ತೆಗೆಯುವ ಕೋರ್ ಬಯಾಪ್ಸಿ ಬೇಕು.

ಮದುವೆಗೆ ಇದು ಅಡ್ಡಿಯಲ್ಲ. ಗರ್ಭಿಣಿಯಾದಾಗ ಗಂಟು ಸ್ವಲ್ಪ ದೊಡ್ಡದಾಗಬಹುದು, ಆಗ ಒಮ್ಮೆ ತೋರಿಸಿ. ಹಾಲುಣಿಸಲು ಇದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ನಿಜ ಹೇಳಬೇಕೆಂದರೆ, ಸುಮ್ನೆ ಹೆದರಿ ಮೊಲೆತೊಟ್ಟಿನ ಸುತ್ತ ಕೊಯ್ಸಿಕೊಂಡರೆ ಹಾಲಿನ ನಾಳಗಳಿಗೆ ಪೆಟ್ಟಾಗುವ ಸಾಧ್ಯತೆಯೇ ಜಾಸ್ತಿ. ಇಷ್ಟೆಲ್ಲ ತಿಳಿದ ಮೇಲೂ ಮನಸ್ಸಿಗೆ ನೆಮ್ಮದಿ ಇಲ್ಲ, ತೆಗೆಸಿಯೇ ಬಿಡುತ್ತೇನೆ ಅಂದರೆ ಅದೂ ತಪ್ಪಲ್ಲ. ಅದು ನಿಮ್ಮ ನಿರ್ಧಾರ ಆಗಿರಲಿ, ಬೇರೆಯವರ ಒತ್ತಾಯ ಬೇಡ.

ಮರುಪ್ರಶ್ನೆ: ಥ್ಯಾಂಕ್ಸ್ ಮೇಡಂ. ಗಂಟು ಕರಗಲು ಮಾತ್ರೆ ಇದೆಯಾ? ಅಜ್ಜಿ ಹರಳೆಣ್ಣೆ ಹಚ್ಚಿ ಶಾಖ ಕೊಡುತ್ತಿದ್ದಾರೆ.

ಉತ್ತರ: ಇದನ್ನು ಕರಗಿಸುತ್ತದೆ ಅಂತ ನಂಬಿ ನುಂಗುವಂಥ ಮಾತ್ರೆ ಇಲ್ಲ. ಕೆಲವು ತಾವಾಗಿಯೇ ಚಿಕ್ಕದಾಗುತ್ತವೆ, ಮುಟ್ಟು ನಿಂತ ಮೇಲೆ ಬಹಳಷ್ಟು ಕುಗ್ಗುತ್ತವೆ. ಎಣ್ಣೆಯಿಂದ ಗಂಟು ಹೋಗುವುದಿಲ್ಲ. ಬಿಸಿ ಜಾಸ್ತಿಯಾಗಿ ಚರ್ಮ ಸುಟ್ಟೀತು, ಶಾಖ ಬೇಡ ಅಂತ ಅಜ್ಜಿಗೆ ಹೇಳಿ. ದಿನಕ್ಕೆ ಹತ್ತು ಸಲ ಒತ್ತಿ ನೋಡುವುದನ್ನೂ ನಿಲ್ಲಿಸಿ. ತಿಂಗಳಿಗೊಮ್ಮೆ, ಮುಟ್ಟು ಮುಗಿದ ಮೇಲೆ ನೋಡಿಕೊಂಡರೆ ಸಾಕು.

ಇನ್ನೊಬ್ಬರು: ಮೇಡಂ, ನಮ್ಮ ಅತ್ತಿಗೆಗೆ 46. ಅವರಿಗೂ ನೋವಿಲ್ಲದ ಗಂಟು ಇದೆ. ಅವರೂ ಆರು ತಿಂಗಳು ಕಾಯಬಹುದಾ?

ಉತ್ತರ: ಬೇಡ, ದಯವಿಟ್ಟು ಕಾಯಿಸಬೇಡಿ. ನೋವಿಲ್ಲ ಅನ್ನುವುದು ಸಮಾಧಾನದ ವಿಷಯವಲ್ಲ, ಕ್ಯಾನ್ಸರ್ ಗಂಟು ಕೂಡ ಹೆಚ್ಚಾಗಿ ನೋಯುವುದಿಲ್ಲ. ಮೇಲಿನ ಉತ್ತರ 24ರ ಹುಡುಗಿಗೆ, ಅದೂ ಪರೀಕ್ಷೆ ಆದ ಮೇಲೆ ಕೊಟ್ಟಿದ್ದು. ನಿಮ್ಮ ಅತ್ತಿಗೆಗೆ ಮ್ಯಾಮೋಗ್ರಾಮ್ (ಸ್ತನದ ಎಕ್ಸ್‌ರೇ) ಮತ್ತು ಸ್ಕ್ಯಾನಿಂಗ್ ಎರಡೂ ಆಗಬೇಕು, ಅನುಮಾನ ಬಂದರೆ ಕೋರ್ ಬಯಾಪ್ಸಿ. ಚರ್ಮ ಒಳಗೆ ಎಳೆದಂತಿದೆಯಾ, ತೊಟ್ಟು ಹೊಸದಾಗಿ ಒಳಗೆ ಹೋಗಿದೆಯಾ, ರಕ್ತ ಬರುತ್ತಿದೆಯಾ, ಕಂಕುಳಲ್ಲಿ ಗಂಟು ಇದೆಯಾ ಅಂತ ಕೇಳಿ. ಇವು ಯಾವುದೂ ಇಲ್ಲದಿದ್ದರೂ ಈ ವಾರವೇ ಸರ್ಜನ್ ಹತ್ತಿರ ಕರೆದುಕೊಂಡು ಹೋಗಿ.