ಡಿಕ್ಕಿಲಿ ಜನರೇಟರ್ ಇಟ್ಕೊಂಡು ಇವಿ (ಎಲೆಕ್ಟ್ರಿಕ್ ಕಾರು) ರೇಂಜ್ ಜಾಸ್ತಿ ಮಾಡ್ಬಹುದಾ? ಅನುಭವ ಇದ್ದೋರು ಹೇಳಿ

ಪ್ರಶ್ನೆ: ನಂದು 40.5 ಯೂನಿಟ್ ಬ್ಯಾಟರಿಯ ನೆಕ್ಸಾನ್ ಇವಿ, ಫುಲ್ ಚಾರ್ಜಿಗೆ ಹೈವೇಲಿ 260-270 ಕಿ.ಮೀ. ರೇಂಜ್ ಬರುತ್ತೆ. ಬೆಂಗಳೂರಿಂದ ಪುತ್ತೂರು 300ರ ಹತ್ರ, ಹಬ್ಬದ ಟೈಮಲ್ಲಿ ಹಾಸನದಲ್ಲಿ ಚಾರ್ಜರ್‌ಗೆ ಕ್ಯೂ. ಸಣ್ಣ ಪೆಟ್ರೋಲ್ ಜನರೇಟರ್ ಡಿಕ್ಕಿಲಿಟ್ಕೋ, ಓಡ್ತಾನೇ ಬ್ಯಾಟರಿ ತುಂಬುತ್ತೆ, ಅದೇ ರೇಂಜ್ ಎಕ್ಸ್‌ಟೆಂಡರ್ ಅಂತಾನೆ ಫ್ರೆಂಡು. ಯಾರಾದ್ರೂ ಟ್ರೈ ಮಾಡಿದೀರಾ?

ಉತ್ತರ: ದಯವಿಟ್ಟು ಬೇಡ ಸರ್. ಚಾರ್ಜಿಂಗ್ ಗನ್ ಸಿಕ್ಕಿಸಿದ್ರೆ ಗಾಡಿ ಡ್ರೈವ್‌ಗೇ ಬೀಳಲ್ಲ, ಓಡ್ತಾ ಚಾರ್ಜ್ ಮಾಡೋದು ಆಗದ ಮಾತು. ಡಿಕ್ಕಿಲಿ ಆನ್ ಮಾಡಿದ್ರೆ ಕಾರ್ಬನ್ ಮೊನಾಕ್ಸೈಡ್ ಸೀದಾ ಕ್ಯಾಬಿನ್ ಒಳಗೆ, ಅದಕ್ಕೆ ವಾಸನೆನೂ ಇರಲ್ಲ, ಹಿಂದಿನ ಸೀಟಲ್ಲಿ ಮಕ್ಕಳು ಮಲಗಿರ್ತಾರೆ. ನಿಲ್ಸಿ ಹಾಕ್ತೀನಿ ಅಂದ್ರೂ ಕೇಳಿ, ಸಕಲೇಶಪುರದ ಹತ್ರ ನಮ್ಮ ಮಾವನ ತೋಟದಲ್ಲಿ ಮಳೆಗಾಲಕ್ಕೆ ಕರೆಂಟ್ ಹೋದಾಗ ಶೆಡ್ ಹೊರಗಿದ್ದ 5 ಕೆವಿಎ ಜನರೇಟರ್‌ಗೆ ಕಾರಿನ 15 ಆಂಪ್ ಚಾರ್ಜರ್ ಹಾಕಿದ್ವಿ, ಬಾಕ್ಸಲ್ಲಿ ಕೆಂಪು ಲೈಟು, ಚಾರ್ಜೇ ತಗೊಳ್ಲಿಲ್ಲ. ಅರ್ತಿಂಗ್ ಸಿಗದಿದ್ರೆ ಅದು ಒಪ್ಪಲ್ಲ, ಎಲೆಕ್ಟ್ರಿಷಿಯನ್ ಬಂದು ನೆಲಕ್ಕೆ ರಾಡ್ ಹೊಡೆದು ನ್ಯೂಟ್ರಲ್ ಸರಿ ಮಾಡಿದ ಮೇಲೇ ಶುರುವಾಗಿದ್ದು. ಆಮೇಲೂ ಗಂಟೆಗೆ 3 ಯೂನಿಟ್, ಅಂದ್ರೆ 20 ಕಿ.ಮೀ. ಅಷ್ಟೆ, ಅದಕ್ಕೆ ಹೆಚ್ಚುಕಮ್ಮಿ 2 ಲೀಟರ್ ಪೆಟ್ರೋಲ್. 2 ಕೆವಿಎದು ಈ ಲೋಡ್ ಎಳೆಯಲ್ಲ, 5 ಕೆವಿಎದು ಎತ್ತೋಕೇ ಇಬ್ರು ಬೇಕು.

ಉತ್ತರ: ಕಂಪನಿಯವ್ರೇ ಕೂರಿಸಿದ ರೇಂಜ್ ಎಕ್ಸ್‌ಟೆಂಡರ್ ಹೆಂಗಿತ್ತು ಅಂತ ನೋಡಿದ್ರೆ ಗೊತ್ತಾಗುತ್ತೆ. ಬಿಎಂಡಬ್ಲ್ಯು ಐ3ಲಿ 647 ಸಿಸಿ ಎರಡು ಸಿಲಿಂಡರ್ ಸ್ಕೂಟರ್ ಎಂಜಿನ್, ಚಕ್ರಕ್ಕೆ ಕನೆಕ್ಷನ್ನೇ ಇಲ್ಲ, ಬರೀ ಕರೆಂಟ್ ಮಾಡುತ್ತೆ, ಸುಮಾರು 25 ಕಿಲೋವ್ಯಾಟ್. ಯುರೋಪಲ್ಲಿ ಬ್ಯಾಟರಿ 75 ಪರ್ಸೆಂಟ್‌ಗಿಂತ ಕೆಳಗಿಳಿದ್ರೆ ನಾವೇ ಎಂಜಿನ್ ಆನ್ ಮಾಡಿ ಚಾರ್ಜ್ ಉಳಿಸ್ಕೋಬಹುದಿತ್ತು. ಅಮೆರಿಕದ ಗಾಡಿಗೆ ಕ್ಯಾಲಿಫೋರ್ನಿಯಾ ರೂಲ್ಸ್ ಅಂತ ಬ್ಯಾಟರಿ ತಳ ಕಂಡ ಮೇಲಷ್ಟೇ ಸ್ಟಾರ್ಟ್ ಆಗೋದು, ಹಾಗಾಗಿ ಉದ್ದದ ಏರಲ್ಲಿ ಸ್ಪೀಡ್ ಬಿದ್ದೋಗ್ತಿತ್ತು. 25 ಕಿಲೋವ್ಯಾಟ್‌ದೇ ಹಂಗೆ, ಇನ್ನು ಡಿಕ್ಕಿಲಿಡೋ 2 ಕಿಲೋವ್ಯಾಟ್ ಜನರೇಟರ್ ಏನ್ ಮಾಡುತ್ತೆ? ಇದೇ ಥರ ಕರೆಂಟ್ ಮಾಡೋಕೆ ಅಂತ ಮಜ್ದಾ ಎಂಎಕ್ಸ್-30 ಆರ್-ಇವಿ ಕಾರಿಗೆ 830 ಸಿಸಿ ರೋಟರಿ ಎಂಜಿನ್ನು, 50 ಲೀಟರ್ ಟ್ಯಾಂಕು ಕೊಟ್ಟಿದಾರೆ.

ಉತ್ತರ: ನಾನು ಪುತ್ತೂರಿನವನೇ, ಇದೇ ದಾರಿ. ಹೋಗುವಾಗ ಶಿರಾಡಿ ಘಾಟಿ ಇಳಿಜಾರು ಅಲ್ವಾ, ರೀಜೆನ್ (ಇಳಿಯುವಾಗ ಮೋಟರೇ ಬ್ಯಾಟರಿ ತುಂಬುವುದು) ಜಾಸ್ತಿ ಇಟ್ಟರೆ ಘಾಟಿ ಕೆಳಗಿನ ಗುಂಡ್ಯಕ್ಕೆ ಬರುವಾಗ ಬ್ಯಾಟರಿ ಒಂದೆರಡು ಪರ್ಸೆಂಟ್ ಮೇಲೆಯೇ ಹೋಗಿರ್ತದೆ. ಹೈವೇಯಲ್ಲಿ 100 ಬಿಟ್ಟು 80ರಲ್ಲಿ ಹೋಗಿ ಮಾರ್ರೆ, ರೇಂಜ್ ಇರುವುದೇ ಅಲ್ಲಿ. ಕುಣಿಗಲ್ ದಾಟಿ ಚನ್ನರಾಯಪಟ್ಟಣದ ಒಳಗೆ ಎಲ್ಲಿ ಚಾರ್ಜರ್ ಖಾಲಿ ಕಾಣ್ತದೋ ಅಲ್ಲೇ ತಿಂಡಿಗೆ ನಿಲ್ಲಿಸಿ, ಕಾಲು ಗಂಟೆ ಸಾಕು, ಹಾಸನದ ಕ್ಯೂ ಬೇಡವೇ ಬೇಡ. ವಾಪಸ್ ಬರುವಾಗ ಘಾಟಿ ಹತ್ತಲಿಕ್ಕೇ 3-4 ಯೂನಿಟ್ ಹೆಚ್ಚು ಬೇಕು, ಹಾಗಾಗಿ ಫುಲ್ ಮಾಡಿಯೇ ಹೊರಡಿ. ಊರ ಮನೆಯಲ್ಲಿ 15 ಆಂಪ್ ಪಾಯಿಂಟ್ ಉಂಟಲ್ಲ? ಅದರ ಅರ್ತಿಂಗ್ ಮೊದಲೇ ಚೆಕ್ ಮಾಡಿಸಿ ಇಡಿ. ರಾತ್ರಿ ಹಾಕಿದರೆ ಬೆಳಗ್ಗೆಗೆ ಮುಕ್ಕಾಲು ಬ್ಯಾಟರಿ ತುಂಬ್ತದೆ, ಆದ್ರೆ ತೋಟದ ಪಂಪುಗಳೆಲ್ಲ ಓಡುವ ಹೊತ್ತಿಗೆ ವೋಲ್ಟೇಜ್ ಇರುವುದಿಲ್ಲ, ಹತ್ತು ಗಂಟೆ ಮೇಲೆ ಹಾಕಿ.