ಕಾಫಿ ದಿನದ ಕೇಕ್, ಸ್ವೀಡನ್ನಿನ ಬನ್: ನಮ್ಮ ಚಳಿ-ಮಳೆಗೆ ಹಿಟ್ಟು ಉಬ್ಬಿಸೋದು ಹೇಗೆ?

ಗೋಣಿಕೊಪ್ಪದ ಅಡುಗೆಮನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಗೋಣಿಕೊಪ್ಪದಿಂದ ಸ್ವಲ್ಪ ಒಳಗೆ, ತೋಟದ ಮನೆ. ಮಗಳು ಏಳನೇ ಕ್ಲಾಸ್. ಈ ವರ್ಷ ಹೊಸ ಕ್ಯಾಲೆಂಡರ್ ಗೋಡೆಗೆ ಹಾಕಿದ ದಿನವೇ ಕೆಂಪು ಪೆನ್ ಹಿಡಿದು ಲೋಕದ ತಿಂಡಿ ದಿನಗಳನ್ನೆಲ್ಲ ಬರೆದುಬಿಟ್ಟಳು. ಫೆಬ್ರವರಿ 5 ನ್ಯುಟೆಲ್ಲಾ ದಿನ, ಮಾರ್ಚ್ 14 ಪೈ ದಿನ, ಜುಲೈ 4 ಹಲಸಿನ ಹಣ್ಣಿನ ದಿನ. ಅತ್ತೆ ಅಮಾವಾಸ್ಯೆ ಯಾವತ್ತು ಅಂತ ನೋಡಲು ಹೋದರೆ ಡೋನಟ್ ಕಣ್ಣಿಗೆ ಬೀಳುತ್ತದೆ.

ಮೊದಮೊದಲು ಮನೆಯಲ್ಲಿ ಎಲ್ಲರೂ ನಕ್ಕರು. ಒಪ್ಪಿಕೊಂಡಿದ್ದು ಜೂನ್ ಮೊದಲ ಶುಕ್ರವಾರ. ಅದು ಅಮೆರಿಕದ ಡೋನಟ್ ದಿನ. 1938ರಲ್ಲಿ ಶಿಕಾಗೋದಲ್ಲಿ ಸಾಲ್ವೇಷನ್ ಆರ್ಮಿ ಅನ್ನೋ ಕ್ರೈಸ್ತ ಸೇವಾಸಂಸ್ಥೆಯವರು ಶುರುಮಾಡಿದ್ದು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿ, ಸೈನಿಕರಿಗೆ ಡೋನಟ್ ಕರಿದು ಕೊಟ್ಟ ಹೆಣ್ಣುಮಕ್ಕಳ ನೆನಪಿಗೆ. ಎಣ್ಣೆ ಬಾಣಲೆ ಇಲ್ಲದಾಗ ಸೈನಿಕರ ಹೆಲ್ಮೆಟ್‌ನಲ್ಲೇ ಕರಿದರಂತೆ. ನಮ್ಮ ಮಾವ ಮಿಲಿಟರಿಯಿಂದ ರಿಟೈರ್ ಆದವರು. ಈ ಕಥೆ ಕೇಳಿದ್ದೇ ತಡ, ‘ಇದೊಂದು ದಿನ ಸರಿಯಾಗಿದೆ, ಮಾಡಮ್ಮ’ ಅಂದರು. ಆಮೇಲೆ ಪಕ್ಕದ ಮನೆಯ ರಿಟೈರ್ಡ್ ಸುಬೇದಾರರನ್ನೂ ಕರೆದರು. ಇಬ್ಬರೂ ಡೋನಟ್ ಅನ್ನು ಕಾಫಿಗೆ ಅದ್ದಿಕೊಂಡು ಸಂಜೆಯವರೆಗೆ ಕೂತರು.

ಈಗ ನನ್ನ ಸಮಸ್ಯೆ ಅಕ್ಟೋಬರ್. 1ನೇ ತಾರೀಕು ಅಂತರರಾಷ್ಟ್ರೀಯ ಕಾಫಿ ದಿನ, 4ಕ್ಕೆ ಸ್ವೀಡನ್ನಿನವರ ದಾಲ್ಚಿನ್ನಿ ಬನ್ ದಿನ. ಎರಡೂ ಮಾಡಲೇಬೇಕಂತೆ. ನಮ್ಮಲ್ಲಿ ಆಗಲೂ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಯೀಸ್ಟ್ ಹಾಕಿದ ಹಿಟ್ಟು ಎರಡು ಗಂಟೆ ಇಟ್ಟರೂ ಅಲ್ಲಾಡಲ್ಲ. ಓವನ್ ಲೈಟ್ ಹಾಕಿ ಒಳಗಿಡಿ ಅಂತ ವಿಡಿಯೋದವರು ಹೇಳ್ತಾರೆ, ಕರೆಂಟ್ ಇದ್ದರೆ ತಾನೇ! ಇನ್ನೊಂದು, ನಮ್ಮದು ರೋಬಸ್ಟಾ ಜಾತಿಯ ಕಾಫಿ ತೋಟ. ಮನೆ ಕಾಫಿಪುಡಿಯಲ್ಲೇ ಕೇಕ್ ಆಗಬೇಕು ಅಂತ ಮಗಳ ಹಟ. ಯಾರಾದರೂ ಮಾಡಿದ್ದೀರಾ?

ಮಡಿಕೇರಿ ಬೇಕರ್:

ಅಕ್ಕಾ, ಚಳಿ ಜೊತೆ ಜಗಳ ಆಡಬೇಡಿ, ಅದನ್ನೇ ಕೆಲಸಕ್ಕೆ ಹಚ್ಚಿ. ನಾನು ಮನೆಯಿಂದಲೇ ಆರ್ಡರ್ ತಗೊಂಡು ಬೇಕಿಂಗ್ ಮಾಡ್ತೀನಿ. ಮಡಿಕೇರಿ ಮಳೆಗಾಲದಲ್ಲಿ ಎರಡು ಗಂಟೆಯಲ್ಲಿ ಉಬ್ಬುವ ಹಿಟ್ಟನ್ನು ನಾನಂತೂ ನೋಡಿಲ್ಲ.

ರಾತ್ರಿ ಊಟ ಆದ ಮೇಲೆ ಕಲಸಿ. 300 ಗ್ರಾಂ ಮೈದಾಕ್ಕೆ ಇನ್‌ಸ್ಟಂಟ್ ಯೀಸ್ಟ್ ಕಾಲು ಟೀ ಚಮಚ ಸಾಕು, ಅದಕ್ಕಿಂತ ಜಾಸ್ತಿ ಬೇಡ. ಹಾಲು ಉಗುರುಬೆಚ್ಚಗಿರಲಿ. ದೊಡ್ಡ ಪಾತ್ರೆಗೆ ಹಾಕಿ, ತಟ್ಟೆ ಮುಚ್ಚಿ, ಅಡುಗೆಮನೆಯಲ್ಲೇ ಬಿಟ್ಟು ಮಲಗಿ. ಬೆಳಿಗ್ಗೆ ನೋಡಿದರೆ ತಟ್ಟೆ ಹತ್ತಿರ ಬಂದಿರುತ್ತದೆ. ನಿಧಾನಕ್ಕೆ ಉಬ್ಬಿದ ಹಿಟ್ಟಿಗೆ ರುಚಿಯೂ ಜಾಸ್ತಿ. ಬೆರಳನ್ನು ಮೈದಾದಲ್ಲಿ ಅದ್ದಿ ಮೆಲ್ಲಗೆ ಒತ್ತಿ ನೋಡಿ. ಗುಳಿ ನಿಧಾನಕ್ಕೆ, ಅರ್ಧದಷ್ಟು ಮೇಲೆ ಬಂದರೆ ಹದ ಸರಿ. ತಟ್ಟನೆ ಪೂರ್ತಿ ಮುಚ್ಚಿಕೊಂಡರೆ ಇನ್ನೂ ಬಿಡಬೇಕು.

ಬನ್ ಸುತ್ತಿ ಇಟ್ಟ ಮೇಲೆ ಎರಡನೇ ಸಲ ಉಬ್ಬಿಸೋಕೆ, ಕರೆಂಟ್ ಇಲ್ಲದ ಓವನ್ನೇ ಒಳ್ಳೇ ಪೆಟ್ಟಿಗೆ. ಒಳಗೆ ಟ್ರೇ ಪಕ್ಕದಲ್ಲಿ ಒಂದು ಲೋಟ ಕುದಿಯುವ ನೀರಿಟ್ಟು ಬಾಗಿಲು ಹಾಕಿ. ಒಡೆದ ಯೀಸ್ಟ್ ಪ್ಯಾಕೆಟ್ಟನ್ನು ಶೆಲ್ಫ್ ಮೇಲೆ ಇಡಲೇಬೇಡಿ. ನಮ್ಮ ತೇವಕ್ಕೆ ಬೇಗ ಸತ್ತುಹೋಗುತ್ತದೆ. ಬಿಗಿ ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿಡಿ.

ಸ್ವೀಡನ್ನಿನ ಬನ್ ಹಿಟ್ಟಿಗೆ ಏಲಕ್ಕಿ ಬೀಳುತ್ತದೆ ಗೊತ್ತಲ್ವಾ? ಹೆಸರು ದಾಲ್ಚಿನ್ನಿಯದ್ದಾದರೂ ಘಮ ಅರ್ಧ ಏಲಕ್ಕಿಯದ್ದೇ. ಅಕ್ಟೋಬರಿನಲ್ಲಿ ನಮ್ಮಲ್ಲಿ ಹೊಸ ಏಲಕ್ಕಿ ಬರುತ್ತಿರುತ್ತದೆ. ಸಿಪ್ಪೆ ತೆಗೆದು ಕಾಳನ್ನು ತರಿತರಿಯಾಗಿ ಕುಟ್ಟಿ ಹಾಕಿ. ನುಣ್ಣಗಿನ ಪುಡಿ ಬೇಡ, ಹಲ್ಲಿಗೆ ಸಿಗಬೇಕು. ಮೇಲೆ ಅವರು ಹಾಕೋ ಮುತ್ತಿನಂಥ ಸಕ್ಕರೆ ಇಲ್ಲಿ ಸಿಗಲ್ಲ. ನಾನು ಕಲ್ಲುಸಕ್ಕರೆ ಜಜ್ಜಿ ಹಾಕ್ತೀನಿ.

ಸೋಮವಾರಪೇಟೆ ಕಾಫಿ:

ಕಾಫಿ ವಿಷಯಕ್ಕೆ ನಾನು ಬರ್ತೀನಿ. ನಮ್ಮ ಕಡೆ ಅರೇಬಿಕಾ ಜಾಸ್ತಿ, ಆದರೂ ಈ ವಿಷಯದಲ್ಲಿ ನಿಮ್ಮ ಮಗಳ ಪರವಾಗಿಯೇ ಮಾತಾಡ್ತೀನಿ. ಚಾಕೊಲೇಟ್ ಕೇಕಿಗೆ ರೋಬಸ್ಟಾನೇ ಸರಿ. ಅರೇಬಿಕಾದ ಸಣ್ಣ ಹುಳಿ, ಹೂವಿನ ಘಮ ಎಲ್ಲ ಕೋಕೋ ಕೆಳಗೆ ಮುಚ್ಚಿಹೋಗುತ್ತದೆ. ರೋಬಸ್ಟಾ ಕಹಿ ಗಟ್ಟಿ, ಎದ್ದು ನಿಲ್ಲುತ್ತದೆ. ಸಕ್ಕರೆ ಬದಲು ಬೆಲ್ಲ ಹಾಕಿದರೆ ಆ ಕಹಿಗೆ ಜೊತೆ ಸಿಗುತ್ತದೆ.

ಫಿಲ್ಟರ್ ಪುಡಿಯನ್ನು ನೇರವಾಗಿ ಹಿಟ್ಟಿಗೆ ಹಾಕಬೇಡಿ, ಅದು ಕರಗುವ ಪುಡಿ ಅಲ್ಲ, ಬಾಯಲ್ಲಿ ಮರಳು ಮರಳಾಗುತ್ತದೆ. ಫಿಲ್ಟರಿನಲ್ಲಿ ನೀರು ಕಡಿಮೆ ಹಾಕಿ ಮೊದಲ ಡಿಕಾಕ್ಷನ್ ಇಳಿಸಿ. 200 ಗ್ರಾಂ ಮೈದಾದ ಕೇಕಿಗೆ ಅದರಲ್ಲಿ ಕಾಲು ಕಪ್, ಅಷ್ಟೇ ಹಾಲು ಕಡಿಮೆ ಮಾಡಿ. ಚಿಕೋರಿ ಬೆರೆತ ಪುಡಿ ಬೇಡ, ಬಣ್ಣ ಕೊಡುತ್ತದೆ, ಕಾಫಿ ರುಚಿ ಕೊಡಲ್ಲ.

ತಾರೀಕಿನ ಬಗ್ಗೆ ಒಂದು ಮಾತು. ಅಂತರರಾಷ್ಟ್ರೀಯ ಕಾಫಿ ಸಂಸ್ಥೆ 2015ರಲ್ಲಿ ಮಿಲಾನ್‌ನಲ್ಲಿ ಈ ದಿನ ಶುರುಮಾಡಿತು. ಅವರ ಲೆಕ್ಕದಲ್ಲಿ ಕಾಫಿ ವರ್ಷ ಶುರುವಾಗೋದೇ ಅಕ್ಟೋಬರ್ 1ಕ್ಕೆ. ನಮ್ಮ ಗಿಡದಲ್ಲಿ ಆಗ ಇನ್ನೂ ಹಸಿರು ಕಾಯಿ! ನಿಮ್ಮ ರೋಬಸ್ಟಾ ಹಣ್ಣು ಕುಯ್ಯೋದು ಜನವರಿ ಮೇಲೆ. ಹಾಗಾಗಿ ಹಳೇ ಬೀಜವನ್ನೇ ಆ ವಾರ ಹುರಿದು ಪುಡಿ ಮಾಡಿಸಿ. ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇದ್ದ ಪುಡಿಯಲ್ಲಿ ಕೇಕ್ ಮಾಡಿ ಕಾಫಿ ದಿನ ಅನ್ನೋದು ನನಗಂತೂ ಒಪ್ಪಿಗೆಯಿಲ್ಲ.

ಪೊನ್ನಂಪೇಟೆ ಅಜ್ಜಿ:

ಓದ್ತಾ ಇದ್ದೇನೆ ಮಕ್ಕಳೇ. ಸ್ವೀಡನ್ನು, ಶಿಕಾಗೋ ಎಲ್ಲ ಆಯಿತು. ಆಗಸ್ಟ್ 3 ಆ ಕ್ಯಾಲೆಂಡರಿನಲ್ಲಿ ಇದೆಯಾ? ಕಕ್ಕಡ ಹದಿನೆಂಟು, ಅಂದರೆ ನಮ್ಮ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮದ್ದುಸೊಪ್ಪಿಗೆ ಹದಿನೆಂಟು ಥರದ ಮದ್ದಿನ ಗುಣ ಬರುವುದು ಅಂದೇ ಅಂತ ನಂಬಿಕೆ. ದಂಟು ಸಮೇತ ಸೊಪ್ಪು ಕುದಿಸಿದರೆ ಮನೆಯೆಲ್ಲ ಘಮ, ನೀರು ಕಡು ನೇರಳೆ. ಅದರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಹಾಲು ಹಾಕಿದರೆ ಪಾಯಸ. ತರಿ ಹಾಕಿ ಬೇಯಿಸಿದರೆ ಪುಟ್ಟು, ಮೇಲೆ ಜೇನು, ತುಪ್ಪ. ಮರುದಿನ ಮೂತ್ರ ಕೆಂಪಗೆ ಹೋದರೆ ಹೆದರಬೇಡಿ ಅಂತ ಹೊರಗಿನ ನೆಂಟರಿಗೆ ಮೊದಲೇ ಹೇಳಬೇಕು. ಇದಕ್ಕಿಂತ ವಿಚಿತ್ರವಾದ ತಿಂಡಿ ದಿನ ಯಾವ ದೇಶದಲ್ಲಿದೆ ಹೇಳಿ!

ಗೋಣಿಕೊಪ್ಪದ ಅಡುಗೆಮನೆ:

ಅಜ್ಜಿ, ಅದು ಇಲ್ಲದೆ ಇರುತ್ತದೆಯೇ? ಅದನ್ನು ಬರೆದದ್ದು ಅತ್ತೆ, ನೀಲಿ ಪೆನ್ನಲ್ಲಿ, ಮಗಳದ್ದಕ್ಕಿಂತ ದೊಡ್ಡ ಅಕ್ಷರದಲ್ಲಿ. ಈ ಸಲ ಮದ್ದುಸೊಪ್ಪಿನ ನೀರಲ್ಲಿ ಕಪ್‌ಕೇಕ್ ಮಾಡೋಣ ಅಂತ ಮಗಳು ಓವನ್‌ಗೆ ಇಟ್ಟಳು. ಬಣ್ಣ ಉಳಿಯಿತು, ಘಮ ಹೋಯಿತು. ಉಳಿದ ನೀರಿಗೆ ತರಿ ಹಾಕಿ ಅತ್ತೆ ಇಡ್ಲಿ ಪಾತ್ರೆಯಲ್ಲಿ ಹಬೆಗಿಟ್ಟರು. ಅದೇ ಖಾಲಿಯಾಗಿದ್ದು.

ಹಲಸಿನ ದಿನಕ್ಕೂ ಹಾಗೇ ಆಯಿತು. ಜುಲೈ ಮಳೆಗೆ ಹಣ್ಣು ನೀರು ನೀರು. ತೊಳೆ ರುಬ್ಬಿ, ಬೆಲ್ಲದ ಜೊತೆ ಬಾಣಲೆಯಲ್ಲಿ ಚೆನ್ನಾಗಿ ಬತ್ತಿಸಿದ ಮೇಲೇ ಕೇಕಿಗೆ ಹಾಕಿದೆ. ಅರ್ಧವನ್ನು ಅಕ್ಕಿ ತರಿ ಜೊತೆ ಬಾಳೆಲೆಯಲ್ಲಿ ಮಡಚಿ ಬೇಯಿಸಿದೆ. ಕೇಕ್ ಮಕ್ಕಳಿಗೆ, ಬಾಳೆಲೆಯದ್ದು ದೊಡ್ಡವರಿಗೆ ಅಂದುಕೊಂಡಿದ್ದೆ. ಮಕ್ಕಳು ಎರಡನ್ನೂ ಮುಗಿಸಿದರು.

ಮಡಿಕೇರಿಯವರೇ, ರಾತ್ರಿ ಕಲಸುವ ಉಪಾಯ ಈ ಭಾನುವಾರವೇ ನೋಡ್ತೀನಿ. ಒಂದು ಸಂಶಯ: ಏಲಕ್ಕಿಯನ್ನೂ ರಾತ್ರಿಯೇ ಹಿಟ್ಟಿಗೆ ಹಾಕಬೇಕಾ, ಬೆಳಿಗ್ಗೆ ಲಟ್ಟಿಸುವಾಗಲಾ?

ಮಡಿಕೇರಿ ಬೇಕರ್:

ರಾತ್ರಿಯೇ ಹಾಕಿ ಅಕ್ಕಾ, ಹಾಲಿನ ಜೊತೆ. ಹಾಲು ಬಿಸಿ ಮಾಡುವಾಗ ಹಾಕಿದರೆ ಇನ್ನೂ ಒಳ್ಳೇದು. ದಾಲ್ಚಿನ್ನಿ, ಬೆಣ್ಣೆ, ಸಕ್ಕರೆ ಮಾತ್ರ ಬೆಳಿಗ್ಗೆ. ಬೆಣ್ಣೆ ಕರಗಿಸಬೇಡಿ, ಮೆತ್ತಗಿದ್ದರೆ ಸಾಕು. ಕರಗಿದ್ದು ಸುತ್ತುವಾಗ ಹೊರಗೆ ಬಂದು ಟ್ರೇ ತಳ ಹಿಡಿಯುತ್ತದೆ.