ಡಿಸ್ಟಾರ್ಷನ್ ಪೆಡಲ್ ಮಾಡಿಫಿಕೇಶನ್: ಇವತ್ತಿನ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಆಂಪ್ (ಗಿಟಾರಿನ ಸೌಂಡ್ ಜೋರು ಮಾಡುವ ಪೆಟ್ಟಿಗೆ), ಮಿಕ್ಸರ್ ರಿಪೇರಿ ಮಾಡುವ ನಮ್ಮ ಟೆಕ್ನಿಷಿಯನ್ ಸಾರ್ ಇವತ್ತು ರಾತ್ರಿ ಗುಂಪಿನಲ್ಲಿ ಇರುತ್ತಾರೆ. ಗಿಟಾರಿನ ಸೌಂಡ್ ಒರಟು ಮಾಡುವ ಡಿಸ್ಟಾರ್ಷನ್ ಪೆಡಲ್ ಬಿಚ್ಚಿ ಮಾಡಿಫೈ ಮಾಡುವ ಬಗ್ಗೆ ಕೇಳಿ. ದಯವಿಟ್ಟು ಗುಡ್ ನೈಟ್ ಚಿತ್ರ ಹಾಕಬೇಡಿ.

ಕುವೆಂಪುನಗರ ಲೀಡ್: ಸಾರ್, ಬಾಸ್ ಕಂಪನಿಯ ಡಿಎಸ್-1 ಪೆಡಲ್ ತಗೊಂಡಿದ್ದೇನೆ. ಸೌಂಡ್ ತುಂಬಾ ಚೂಪು, ಕಿವಿಗೆ ಚುಚ್ಚುತ್ತೆ. ಏನು ಬದಲಾಯಿಸಬಹುದು?

ಟೆಕ್ನಿಷಿಯನ್: 1978ರಲ್ಲಿ ಬಂದ ಪೆಡಲ್ ಅದು. ಈ ದೂರೂ ಹಳೆಯದೇ. ಮೊದಲು ಟೋನ್ ನಾಬ್ ಎಡಕ್ಕೆ ತಿರುಗಿಸಿ ನೋಡಿ, ಅದಕ್ಕೆ ಖರ್ಚಿಲ್ಲ. ಸಾಲದಿದ್ದರೆ ಒಳಗೆ ಡಿ4, ಡಿ5 ಅಂತ ಎರಡು 1ಎನ್4148 ತರಹದ ಡಯೋಡ್ ಇವೆ. ಸಿಗ್ನಲ್ ಸುಮಾರು 0.6 ವೋಲ್ಟ್ ದಾಟಿದರೆ ಅದರ ತಲೆ ಕತ್ತರಿಸುವುದು ಅವೇ. ಒಂದನ್ನು ತೆಗೆದು 3 ಎಂಎಂ ಕೆಂಪು ಎಲ್ಇಡಿ ಹಾಕಿ. ಅದು 1.7 ವೋಲ್ಟ್ ತನಕ ಬಿಡುತ್ತೆ. ಸೌಂಡ್ ಜೋರಾಗುತ್ತೆ, ಸ್ವಲ್ಪ ಬಿಡಿಸಿದ ಹಾಗಾಗುತ್ತೆ. ಹಳೆಯ ಡಯೋಡಿನ ಪಟ್ಟಿ ಇದ್ದ ಕಡೆ ಎಲ್ಇಡಿಯ ಗಿಡ್ಡ ಕಾಲು ಬರಬೇಕು. 25 ವ್ಯಾಟ್ ಸೋಲ್ಡರಿಂಗ್ ಐರನ್ ಸಾಕು. ಒಂದೇ ಕಡೆ ಒತ್ತಿ ಹಿಡಿದರೆ ಬೋರ್ಡಿನ ತಾಮ್ರದ ಗೆರೆ ಎದ್ದು ಬರುತ್ತೆ.

ಹೂಟಗಳ್ಳಿ: 9 ವೋಲ್ಟ್ ಬದಲು 12 ಕೊಟ್ಟರೆ ಪವರ್ ಜಾಸ್ತಿ ಆಗುತ್ತಾ ಸಾರ್?

ಟೆಕ್ನಿಷಿಯನ್: ಪೆಡಲಿನ ಹಿಂದೆ ಏನು ಬರೆದಿದೆಯೋ ಅದನ್ನೇ ಕೊಡಿ. ಈಗಿನವು 9 ವೋಲ್ಟ್, ನಡುವಿನ ಪಿನ್ ಮೈನಸ್. ಒಳಗೆ 10 ವೋಲ್ಟಿನ ಕೆಪಾಸಿಟರ್ ಇದ್ದರೆ 12ಕ್ಕೆ ಊದಿಕೊಳ್ಳುತ್ತೆ.

ಮದ್ದೂರು ಆರ್ಕೆಸ್ಟ್ರಾ: ಅಣ್ಣ, ನಾನೂ ಎಲ್ಇಡಿ ಹಾಕಿದೆ. ಸೌಂಡ್ ಸೂಪರ್. ಆದರೆ ತಂತಿ ಮುಟ್ಟಿದರೆ ಕೈ ಜುಮ್ ಅನ್ನುತ್ತೆ. ಎಲ್ಇಡಿ ಉಲ್ಟಾ ಆಗಿದೆಯಾ?

ಟೆಕ್ನಿಷಿಯನ್: ಎಲ್ಇಡಿ ಉಲ್ಟಾ ಆದರೆ ಸೌಂಡ್ ಬದಲಾಗುತ್ತೆ, ಕರೆಂಟ್ ಹೊಡೆಯಲ್ಲ. 9 ವೋಲ್ಟ್ ನಿಮಗೆ ಗೊತ್ತೇ ಆಗಲ್ಲ. ಪೆಡಲಿಗೆ ಪವರ್ ಎಲ್ಲಿಂದ ಕೊಡ್ತಿದ್ದೀರಿ?

ವಿಜಯನಗರ: ಪಾಟ್ (ನಾಬ್ ಕೆಳಗಿನ ತಿರುಗುವ ಭಾಗ) ಕರಕರ ಅಂದರೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಡಿ. ನೂರಕ್ಕೆ ನೂರು ಗ್ಯಾರಂಟಿ. ಫಾರ್ವರ್ಡ್ ಬಂದಿತ್ತು.

ಟೆಕ್ನಿಷಿಯನ್: ಅದೇನು ಹೊಲಿಗೆ ಮಿಷನ್ನಾ? ಎಣ್ಣೆಗೆ ಧೂಳು ಕೂತು ಪಾಟ್ ಪೂರ್ತಿ ಹೋಗುತ್ತೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಅಂತ ಕೇಳಿ ತಗೊಳ್ಳಿ. ಮದ್ದೂರಿನವರು ಉತ್ತರ ಕೊಡಿ.

ಮದ್ದೂರು ಆರ್ಕೆಸ್ಟ್ರಾ: ಬ್ಯಾಟರಿ ಬೇಗ ಮುಗೀತಿತ್ತು ಅಣ್ಣ. ಹಾಳಾದ ಸೊಳ್ಳೆ ಬ್ಯಾಟಿನ ಚಾರ್ಜಿಂಗ್ ಬೋರ್ಡ್ ತೆಗೆದು, 9 ವೋಲ್ಟ್‌ಗೇ ನಿಲ್ಲಿಸುವ ಝೀನರ್ ಡಯೋಡ್ ಸೇರಿಸಿ ಪೆಡಲ್ ಒಳಗೇ ಕೂರಿಸಿದೆ. ಮೊದಲ ಸಲ ಮೇನ್ ಟ್ರಿಪ್ ಆಯ್ತು. ಆಮೇಲೆ ಸರಿಹೋಯ್ತು.

ಟೆಕ್ನಿಷಿಯನ್: ಈಗಲೇ ಗೋಡೆಯಿಂದ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಆಮೇಲೆ ಹೇಳಿ, "ಸರಿಹೋಯ್ತು" ಅಂದರೆ ಏನು ಮಾಡಿದಿರಿ?

ಮದ್ದೂರು ಆರ್ಕೆಸ್ಟ್ರಾ: ಕಿತ್ತೆ. ಹಮ್ (ಗುಂಯ್ ಅನ್ನೋ ಸದ್ದು) ಹೋಗೋಕೆ ಆಂಪ್ ಪ್ಲಗ್ಗಿನ ಅರ್ತ್ ಪಿನ್ ತೆಗೀರಿ ಅಂತ ಈ ಗುಂಪಿನಲ್ಲೇ ಒಂದು ಫಾರ್ವರ್ಡ್ ಇತ್ತು. ತೆಗೆದೆ. ಟ್ರಿಪ್ ಆಗೋದೂ ನಿಂತಿತು.

ಟೆಕ್ನಿಷಿಯನ್: ನಾನು ಅಂದುಕೊಂಡ ಹಾಗೇ ಆಗಿದೆ. ಎಲ್ಲರೂ ಓದಿ.

ಸೊಳ್ಳೆ ಬ್ಯಾಟಿನ ಬೋರ್ಡಿನಲ್ಲಿ ಟ್ರಾನ್ಸ್‌ಫಾರ್ಮರ್ ಇಟ್ಟು ಮೇನ್ಸನ್ನು ಬೇರೆ ಮಾಡಿರುವುದಿಲ್ಲ. ಸಾಮಾನ್ಯವಾಗಿ 474 ಅಂತ ಬರೆದಿರುವ ಒಂದು ಕೆಪಾಸಿಟರ್ ಕರೆಂಟನ್ನು ತಡೆದು ಬಿಡುತ್ತೆ, ಅಷ್ಟೇ. ಮೀಟರ್ ಇಟ್ಟರೆ 9 ವೋಲ್ಟ್ ತೋರಿಸುತ್ತೆ. ಆದರೆ ಆ ಒಂಬತ್ತು ವೋಲ್ಟಿನ ಎರಡೂ ತುದಿ 230ರ ಜೊತೆ ನೇರ ಸಂಬಂಧದಲ್ಲಿವೆ. ಪೆಡಲಿನ ಗ್ರೌಂಡ್, ಅಲ್ಲಿಂದ ಕೇಬಲ್, ಅಲ್ಲಿಂದ ಗಿಟಾರಿನ ಬ್ರಿಡ್ಜ್ (ತಂತಿ ಕೂರುವ ಲೋಹದ ಪಟ್ಟಿ), ಅಲ್ಲಿಂದ ತಂತಿ. ಅಂದರೆ ನೀವು ಮನೆಯ ಕರೆಂಟನ್ನೇ ಮೀಟುತ್ತಿದ್ದಿರಿ.

ಮೊದಲ ಸಲ ಆಂಪಿನ ಅರ್ತ್ ಸರಿಯಿತ್ತು. ಆ ಕರೆಂಟ್ ಅರ್ತಿಗೆ ಹರಿದು ಮೇನ್ ಬಿತ್ತು. ಅದು ನಿಮ್ಮನ್ನು ಉಳಿಸಿತು. ನಿಮ್ಮನ್ನು ಉಳಿಸಿದ್ದನ್ನೇ ನೀವು ಕಿತ್ತಿರಿ. ಈಗ ಅರ್ತಿಗೆ ಹೋಗುವ ದಾರಿ ನೀವೇ. ಚಪ್ಪಲಿ ಹಾಕಿದ್ದಿರಿ, ನೆಲ ಒಣಗಿತ್ತು, ಅದಕ್ಕೆ ಬರೀ ಜುಮ್.

ಪ್ಲಗ್ ತಿರುಗಿಸಿ ಹಾಕಿದರೆ ಸರಿಹೋಗುತ್ತೆ ಅಂತ ಯಾರಾದರೂ ಹೇಳುವ ಮೊದಲೇ ಹೇಳ್ತೀನಿ: ಹೋಗಲ್ಲ. ಆ ಬೋರ್ಡಿನಲ್ಲಿ ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್ ಇರುವಾಗ ಹೇಗೆ ಹಾಕಿದರೂ ಗ್ರೌಂಡಿಗೆ ಫೇಸ್ ಬಂದು ಹೋಗ್ತಾನೇ ಇರುತ್ತೆ. ಮುಂದಿನ ಕಾರ್ಯಕ್ರಮ ಯಾವಾಗ?

ಮದ್ದೂರು ಆರ್ಕೆಸ್ಟ್ರಾ: ಶನಿವಾರ ಅಣ್ಣ, ಶ್ರೀರಂಗಪಟ್ಟಣದ ಹತ್ತಿರ. ಹಾಡೋದೂ ನಾನೇ.

ಟೆಕ್ನಿಷಿಯನ್: ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ. ಮೈಕ್ ಮಿಕ್ಸರ್ ಮೂಲಕ ಅರ್ತ್ ಆಗಿರುತ್ತೆ. ಕರೆಂಟ್ ಎದೆಯ ಮೂಲಕ ಹರಿಯುತ್ತೆ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವಿ ಎಂಬ ಗಿಟಾರಿಸ್ಟ್ ವೇದಿಕೆಯ ಮೇಲೇ ಸತ್ತರು. ಅಲ್ಲಿ ಅರ್ತ್ ಸರಿಯಿಲ್ಲದೆ ಕರೆಂಟ್ ಬರುತ್ತಿದ್ದದ್ದು ಮೈಕಿನಲ್ಲಿ, ಅದನ್ನು ಮುಟ್ಟಿದ್ದಕ್ಕೆ.

ಕುವೆಂಪುನಗರ ಲೀಡ್: ಆ ಫಾರ್ವರ್ಡ್ ಹಾಕಿದ್ದು ವಿಜಯನಗರದವರು.

ವಿಜಯನಗರ: ನಾನು ಬರೆದದ್ದಲ್ಲ ರೀ, ಬಂದದ್ದು ಕಳಿಸಿದೆ. ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಅರ್ತ್ ಇಲ್ಲದೆ ಆಂಪ್ ಓಡ್ತಿದೆ. ಏನೂ ಆಗಿಲ್ಲ.

ಟೆಕ್ನಿಷಿಯನ್: ಇನ್ನೂ ಆಗಿಲ್ಲ. ಡಿಲೀಟ್ ಮಾಡಿ.

ಚಾಮುಂಡಿಪುರಂ: ಪೆಡಲ್ ಎಲ್ಲಾ ಯಾಕೆ ಬೇಕು? ವೀಣೆ ಶೇಷಣ್ಣನವರ ಊರಲ್ಲಿ ಇದ್ದುಕೊಂಡು ಸ್ವರ ಕೆಡಿಸೋಕೆ ದುಡ್ಡು ಕೊಡ್ತೀರಲ್ಲ.

ಕುವೆಂಪುನಗರ ಲೀಡ್: ನಿಮಗೆ ಬೇಡದಿದ್ದರೆ ಗುಂಪು ಬಿಡಿ ಸಾರ್. ಇದು ಗಿಟಾರ್ ಗುಂಪು.

ಚಾಮುಂಡಿಪುರಂ: ನಾನು ಗಿಟಾರ್ ನುಡಿಸೋಕೆ ಶುರು ಮಾಡಿದಾಗ ನೀನು ಹುಟ್ಟಿರಲಿಲ್ಲಪ್ಪ.

ಮಂಡ್ಯ ಬೇಸ್: ಸಾರ್, ಡಿಎಸ್-1ಗೆ 4558 ಚಿಪ್ ಹಾಕಿದರೆ ಟ್ಯೂಬ್ ಸ್ಕ್ರೀಮರ್ ಅನ್ನೋ ಇನ್ನೊಂದು ಪೆಡಲ್ ಆಗುತ್ತಂತೆ?

ಟೆಕ್ನಿಷಿಯನ್: ಆಗಲ್ಲ. ಸರ್ಕ್ಯೂಟೇ ಬೇರೆ. ಹಳೆಯ ಡಿಎಸ್-1ಗಳ ಚಿಪ್ಪಿನ ಕಾಲುಗಳು ಒಂದೇ ಸಾಲಿನಲ್ಲಿವೆ, ನಿಮ್ಮದು ಎರಡು ಸಾಲಿನದು. ಕೂರೋದೂ ಇಲ್ಲ.

ಮಂಡ್ಯ ಬೇಸ್: ಜರ್ಮೇನಿಯಮ್ ಡಯೋಡ್?

ಟೆಕ್ನಿಷಿಯನ್: 0.3 ವೋಲ್ಟಿಗೇ ಕತ್ತರಿಸುತ್ತೆ. ಸೌಂಡ್ ಸಣ್ಣದಾಗುತ್ತೆ. ಇಷ್ಟ ಆದರೆ ಹಾಕಿ.

ಹೆಬ್ಬಾಳ: 12 ವೋಲ್ಟ್ ಕೊಡಬಹುದಾ ಸಾರ್?

ಟೆಕ್ನಿಷಿಯನ್: ಮೇಲೆ ಓದಿ.

ಜಯಲಕ್ಷ್ಮಿಪುರಂ: ನನ್ನ ವಾಹ್ ಪೆಡಲ್ ಒಮ್ಮೊಮ್ಮೆ ರೇಡಿಯೋ ಹಿಡಿಯುತ್ತೆ. ಯಾಕೆ?

ಮದ್ದೂರು ಆರ್ಕೆಸ್ಟ್ರಾ: ಅಣ್ಣ ಶನಿವಾರಕ್ಕೆ ಏನು ಮಾಡಲಿ?

ಟೆಕ್ನಿಷಿಯನ್: ಆ ಬೋರ್ಡ್ ಪೂರ್ತಿ ಹೊರಗೆ ತೆಗೆಯಿರಿ. ಕೆಪಾಸಿಟರಿನ ಕಾಲು ಕೈಯಲ್ಲಿ ಮುಟ್ಟಬೇಡಿ, ಚಾರ್ಜ್ ಉಳಿದಿರಬಹುದು. ಆಂಪಿಗೆ ಹೊಸ ಮೂರು ಪಿನ್ ಪ್ಲಗ್ ಹಾಕಿಸಿ, ಅರ್ತ್ ವೈರ್ ಸೇರಿಸಿ. ನೀವಲ್ಲ, ಎಲೆಕ್ಟ್ರಿಷಿಯನ್ ಕೈಯಲ್ಲಿ. ಮನೆಗೆ, ಕರೆಂಟ್ ಸೋರಿದರೆ ಮೇನ್ ಬೀಳಿಸುವ 30 ಮಿಲಿಆಂಪ್ ಆರ್‌ಸಿಸಿಬಿ ಇದೆಯಾ ಅಂತ ಅವರನ್ನೇ ಕೇಳಿ. ಪೆಡಲಿಗೆ ಬ್ಯಾಟರಿ ಹಾಕಿ. ನಿಮ್ಮದು ಬೇಗ ಮುಗಿಯೋಕೆ ಕಾರಣ ಬೇರೆ: ಇನ್‌ಪುಟ್ ಜಾಕಿನಲ್ಲಿ ಕೇಬಲ್ ಇರುವ ತನಕ ಪೆಡಲ್ ಆನ್ ಇರುತ್ತೆ. ಕಾಲಲ್ಲಿ ಒತ್ತಿ ಆಫ್ ಮಾಡಿದರೂ ಅಷ್ಟೇ. ನುಡಿಸಿದ ಮೇಲೆ ಕೇಬಲ್ ಕೀಳಿ. ವೇದಿಕೆಯಲ್ಲಿ ಹಾಡುವ ಮೊದಲು ತಂತಿಗೂ ಮೈಕಿನ ಜಾಲರಿಗೂ ಮಧ್ಯೆ ಎಸಿ ಮೀಟರ್ ಹಿಡಿಯೋಕೆ ಸೌಂಡಿನವರಿಗೆ ಹೇಳಿ. ಹೆಚ್ಚುಕಮ್ಮಿ ಸೊನ್ನೆ ಇರಬೇಕು.

ವಿಜಯನಗರ: ಇಷ್ಟೆಲ್ಲ ಹೆದರಿಸಬಾರದು ಸಾರ್. ಮಕ್ಕಳು ಕಲಿಯೋದೇ ಬಿಡ್ತಾರೆ.

ಟೆಕ್ನಿಷಿಯನ್: ನಿಮ್ಮ ಫಾರ್ವರ್ಡ್ ಇನ್ನೂ ಅಲ್ಲೇ ಇದೆ.

ಅಡ್ಮಿನ್: ನಾನೇ ತೆಗೆದೆ. ಜಗಳ ಸಾಕು.

ಮದ್ದೂರು ಆರ್ಕೆಸ್ಟ್ರಾ: ಬೋರ್ಡ್ ತೆಗೆದೆ ಅಣ್ಣ. ವಾಪಸ್ ಸೊಳ್ಳೆ ಬ್ಯಾಟಿಗೇ ಹಾಕಬಹುದಾ? ಅಮ್ಮ ಕೇಳ್ತಿದ್ದಾರೆ.

ಟೆಕ್ನಿಷಿಯನ್: ಬೇಡ. ಹೊಸ ಬ್ಯಾಟ್ ತಂದುಕೊಡಿ.